ಹೆಸರು ಕೇಳದೇ ಬಿಟ್ಟ ಆ ಹಿರಿಯರಿಗೆ

ಅವರಿಗೆ ಕನ್ನಡ ಬರುವುದಿಲ್ಲ, ಇದನ್ನು ಓದುವುದೂ ಇಲ್ಲ. ಆದ್ರೂ ಹೇಳಲೇಬೇಕು.

ನ್ಯೂಜೆರ್ಸಿಯಲ್ಲಿ ನನ್ನ ಹತ್ತಿರ ಇರುವುದು 1995ರ ಮಾಜ್ದಾ ಮಿಯಾಟಾ ಕಾರು. ಟಾಪ್, ಅಂದರೆ ಮಡಚುವ ಮೆತ್ತನೆಯ ಛಾವಣಿ, ಹರಿದು, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ, ಮಳೆ ಬಂದರೆ ಸೀಟಿನ ಹಿಂದೆ ಕೆರೆ. ಅಂಗಡಿಯ ಕೂಲಿ ಕೇಳಿ ಗಾಬರಿಯಾಗಿ, ಮನೆ ಮುಂದೆ ನಾನೇ ಬಿಚ್ಚಿ ಹಾಕಿದೆ. ಮಳೆನೀರನ್ನು ಎರಡೂ ಬದಿಗೆ ಸಾಗಿಸುವ ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, ಅದರ 10 ಎಂಎಂ ನಟ್‌ಗಳಲ್ಲೇ ಇಡೀ ಶನಿವಾರ ಮುಗಿಯಿತು.

ನಾಯಿ ಹಿಡಿದು ಹೊರಟಿದ್ದ ಆ ಹಿರಿಯರು ನಿಂತರು. ಟಾಪ್ ಮುಟ್ಟಲೇ ಇಲ್ಲ, ಮೊದಲು ಸೀಟಿನ ಹಿಂದೆ ನೀರು ಹೊರಹೋಗುವ ಡ್ರೈನ್ ತೂತಿಗೆ ದಪ್ಪ ನೈಲಾನ್ ದಾರ ತೂರಿಸಿದರು. ಒಂದು ಹಿಡಿ ಕಪ್ಪು ಕೆಸರು, ಕೊಳೆತ ಎಲೆ! ಟಾಪ್ ಅಷ್ಟೇ ಬದಲಿಸಿದ್ದರೆ ನೀರು ಮತ್ತೆ ಅಲ್ಲೇ ನಿಲ್ಲುತ್ತಿತ್ತು ಅಲ್ವಾ.

ಹೊಸ ಟಾಪ್ ಮುಂದಿನ ಗಾಜಿನ ಚೌಕಟ್ಟಿಗೆ ಎರಡು ಬೆರಳು ಸಾಲಲಿಲ್ಲ. ಬಿಸಿಲಿಗೆ ಬಿಡು ಅಂದರು. ಹಪ್ಪಳ ಕಾಯುವ ಹಾಗೆ ಕಾಯುತ್ತಾ ಕೂತೆ. ಆಮೇಲೆ ಇಬ್ಬರೂ ಸೇರಿ ಎಳೆದಾಗ ಟಾಪ್ ಬಿಗಿಯುವ ಲಾಚ್ ಟಕ್ ಅಂತ ಕೂತಿತು.

ಕಾಫಿಗೂ ನಿಲ್ಲಲಿಲ್ಲ ಪುಣ್ಯಾತ್ಮರು, ನಾಯಿ ಎಳೆಯುತ್ತಿತ್ತು. ನಿನ್ನೆ ರಾತ್ರಿ ಜೋರು ಮಳೆ. ಬೆಳಿಗ್ಗೆ ಸೀಟಿನ ಹಿಂದೆ ಕೈ ಹಾಕಿ ನೋಡಿದೆ, ಒಣಗಿದೆ. ಥ್ಯಾಂಕ್ಸ್ ಸಾರ್.