ನೆಟ್‌ಗೆ ಮೋಡ್ ಆರಿಸೋವಾಗ ವೀಕ್ ಸಿಗ್ನಲ್‌ನವರನ್ನೂ ನೋಡಿ

ಸಂಪಾದಕರಿಗೆ ನಮಸ್ಕಾರ,

ಹವ್ಯಾಸಿ ರೇಡಿಯೊ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಖುಷಿಯಾಯ್ತು, ನಮ್ಮ ಹವ್ಯಾಸದ ಬಗ್ಗೆ ಬರೆಯೋರೇ ಕಮ್ಮಿ. ಆದ್ರೆ ಅದನ್ನ ಓದಿದ್ರೆ ರೇಡಿಯೊದಲ್ಲಿ ಅಕ್ಷರ ಕಳಿಸೋದು ಅಂದ್ರೆ ಎಫ್‌ಟಿ8 ಅನ್ನೋ ಮೋಡ್ (ಕಂಪ್ಯೂಟರ್ ಅಕ್ಷರವನ್ನ ಶಬ್ದ ಮಾಡಿ ರೇಡಿಯೊದಲ್ಲಿ ಕಳಿಸೋ ಒಂದು ವಿಧಾನ) ಒಂದೇ ಅನ್ನೋ ಹಾಗಿತ್ತು, ಹೊಸದಾಗಿ ಲೈಸೆನ್ಸ್ ತಗೊಂಡವ್ರು ಅದ್ರಲ್ಲೇ ನೆಟ್ ನಡೆಸೋಕೆ ಹೊರಟ್ರೆ ಬೇಜಾರಾಗಿ ಬಿಟ್ಟೇ ಬಿಡ್ತಾರೆ, ಅದಕ್ಕೇ ಬರೀತಿದ್ದೀನಿ.

ನೆಟ್ ಅಂದ್ರೆ ಹೇಳಿದ ಟೈಮಿಗೆ ಒಂದೇ ಫ್ರೀಕ್ವೆನ್ಸಿಲಿ ಎಲ್ಲ ಹ್ಯಾಮ್‌ಗಳೂ, ಅಂದ್ರೆ ಹವ್ಯಾಸಿ ರೇಡಿಯೊದವ್ರೂ, ಸೇರೋದು. ನೆಟ್ ನಡೆಸೋ ನೆಟ್ ಕಂಟ್ರೋಲ್ ಒಬ್ರು ಇರ್ತಾರೆ, ಅವ್ರು ಕರೆದಾಗ ನಮ್ಮ ಕಾಲ್‌ಸೈನ್ (ಲೈಸೆನ್ಸಿನ ಗುರುತು) ಕೊಟ್ಟು ಚೆಕ್ ಇನ್ ಆಗ್ಬೇಕು, ಮೆಸೇಜ್ ಇದ್ರೆ ದಾಟಿಸ್ಬೇಕು. ಎಫ್‌ಟಿ8 2017ರಲ್ಲಿ ಬಂತು, ಗದ್ದಲದಲ್ಲಿ ಮುಳುಗಿಹೋದ ಸಿಗ್ನಲ್ಲನ್ನೂ ಎತ್ತಿಕೊಡುತ್ತೆ ನಿಜ, ಆದ್ರೆ 15 ಸೆಕೆಂಡಿನ ಒಂದು ಸರದಿಗೆ ನಮ್ಮ ಮನಸ್ಸಿನ ಮಾತು ಬರೆಯೋಕೆ ಸಿಗೋದು 13 ಅಕ್ಷರ ಅಷ್ಟೇ. ಇಬ್ಬರ ಸಿಗ್ನಲ್ ರಿಪೋರ್ಟ್ ಬದಲಾಯಿಸ್ಕೊಳ್ಳೋಕೆ ಸಾಕು, ಹತ್ತು ಜನ ಕೂತು ಮಾತಾಡೋಕೆ ಸಾಲಲ್ಲ. ಅದೇ ತಳಹದಿ ಮೇಲೆ 2018ರಲ್ಲಿ ಬಂದ ಜೆಎಸ್‌8ಕಾಲ್‌ನಲ್ಲಿ ಉದ್ದದ ಮಾತು ಕಳಿಸ್ಬಹುದು, ಆದ್ರೆ ನಿಧಾನ, ಕಂಪ್ಯೂಟರ್ ಗಡಿಯಾರವೂ ಸೆಕೆಂಡ್ ಲೆಕ್ಕದಲ್ಲಿ ಸರಿ ಇರ್ಬೇಕು.

ನಾವು ನೆಟ್ ಶುರು ಮಾಡಿದ್ದು ಪಿಎಸ್‌ಕೆ31 ಅನ್ನೋ ಮೋಡ್‌ನಲ್ಲಿ. ಪೀಟರ್ ಮಾರ್ಟಿನೆಜ್ ಅನ್ನೋ ಬ್ರಿಟಿಷ್ ಹ್ಯಾಮ್ 1998ರಲ್ಲಿ ಎಲ್ಲರಿಗೂ ಕೊಟ್ಟಿದ್ದು, ನಿಮಿಷಕ್ಕೆ ಸುಮಾರು 50 ಪದ, ಅಂದ್ರೆ ನಾವು ಟೈಪ್ ಮಾಡೋ ವೇಗಕ್ಕೆ ಸರಿಹೋಗುತ್ತೆ, ಬ್ಯಾಂಡ್‌ನಲ್ಲಿ ತಗೊಳೋ ಜಾಗವೂ ತೀರಾ ಕಮ್ಮಿ. ಅದ್ರಲ್ಲಿ ಹೆಚ್ಚು ಬಳಸೋ ಅಕ್ಷರಕ್ಕೆ ಚಿಕ್ಕ ಕೋಡ್, ಕಮ್ಮಿ ಬಳಸೋದಕ್ಕೆ ಉದ್ದ ಕೋಡ್, ಹಾಗಾಗಿ ಇಂಗ್ಲಿಷಿನ ಚಿಕ್ಕಕ್ಷರದಲ್ಲಿ ಟೈಪ್ ಮಾಡಿದ್ರೆ ಬೇಗ ಹೋಗುತ್ತೆ, ದೊಡ್ಡಕ್ಷರದಲ್ಲಿ ನಿಧಾನ. ಎಲ್ಲ ಚೆನ್ನಾಗೇ ಇತ್ತು. ಒಂದಿನ ಅಭ್ಯಾಸಕ್ಕೆ ಅಂತ ಕಳಿಸಿದ ಪಟ್ಟಿಯಲ್ಲಿ 20 ಕಂಬಳಿ ಅಂತಿದ್ದಿದ್ದು ನನ್ನ ಸ್ಕ್ರೀನ್ ಮೇಲೆ 30 ಅಂತ ಬಂತು, ನಾನು ಅದನ್ನೇ ಮುಂದಿನವ್ರಿಗೆ ದಾಟಿಸ್ದೆ, ಯಾರಿಗೂ ಅನುಮಾನವೇ ಬರ್ಲಿಲ್ಲ. ಪದದಲ್ಲಿ ಒಂದಕ್ಷರ ಹಾಳಾದ್ರೆ ಓದೋರು ಸರಿ ಮಾಡ್ಕೊಂಡು ಓದ್ತಾರೆ, ಅಂಕಿ ಹಾಳಾದ್ರೆ ಗೊತ್ತೇ ಆಗಲ್ಲ. ಸಾಮಾನ್ಯ ಪಿಎಸ್‌ಕೆ31ರಲ್ಲಿ ತಪ್ಪು ತಿದ್ದೋ ವ್ಯವಸ್ಥೆನೇ ಇಲ್ಲ, ಮೇಲಿನ ವಾತಾವರಣದಲ್ಲಿ ರೇಡಿಯೊ ಅಲೆಗಳನ್ನ ವಾಪಸ್ ಕಳಿಸೋ ಅಯಾನುಗೋಳದಿಂದ ಸಿಗ್ನಲ್ ಎರಡು ಮೂರು ದಾರೀಲಿ ಬಂದು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಅದ್ರ ಫೇಸ್ (ಅಲೆ ಯಾವ ಹಂತದಲ್ಲಿದೆ ಅನ್ನೋದು, ಪಿಎಸ್‌ಕೆ31 ಅಕ್ಷರ ಕಳಿಸೋದೇ ಅದ್ರಿಂದ) ಕೆಡುತ್ತೆ, ಸಿಗ್ನಲ್ ಜೋರಾಗೇ ಇದ್ರೂ ಸ್ಕ್ರೀನ್ ತುಂಬ ಕಸ ಬರುತ್ತೆ.

ಆಮೇಲೆ ನಾವು ಒಲಿವಿಯಾ ಅನ್ನೋ ಮೋಡ್‌ಗೆ ಬಂದ್ವಿ. ಪೋಲೆಂಡಿನ ಪವೆಲ್ ಯಲೋಹಾ ಮಾಡಿದ್ದು, ಮಗಳ ಹೆಸರಿಟ್ಟಿದ್ದಾರೆ. ಇದು ಫೇಸ್ ನಂಬ್ಕೊಂಡಿಲ್ಲ, ಬೇರೆ ಬೇರೆ ಟೋನ್‌ಗಳಲ್ಲಿ ಹೋಗುತ್ತೆ, ಒಂದೊಂದು ಅಕ್ಷರವನ್ನೂ ಎಷ್ಟೋ ಟೋನ್‌ಗಳಲ್ಲಿ ಹರಡಿ ಕಳಿಸೋದ್ರಿಂದ ಅರ್ಧ ಕಳೆದುಹೋದ್ರೂ ಎದ್ದು ಬರುತ್ತೆ, ಕಿವಿಗೆ ಏನೂ ಕೇಳಿಸ್ದೆ ಇದ್ದಾಗ ಸ್ಕ್ರೀನ್ ಮೇಲೆ ಪೂರ್ತಿ ವಾಕ್ಯ ಮೂಡಿದ್ದನ್ನ ನೋಡಿದೀನಿ. ಅದಕ್ಕೆ ಕೊಡೋ ಬೆಲೆ ಅಂದ್ರೆ ಟೈಮು. 32 ಟೋನು, 1000 ಹರ್ಟ್ಸ್ ಅಗಲದ ಒಲಿವಿಯಾದಲ್ಲಿ ಸುಮಾರು 2 ಸೆಕೆಂಡಿಗೊಮ್ಮೆ 5 ಅಕ್ಷರ ಉದುರುತ್ತೆ, 100 ಪದದ ಮೆಸೇಜಿಗೆ 4 ನಿಮಿಷ. ಪಿಎಸ್‌ಕೆ31ಗೆ 2 ನಿಮಿಷ, ಎಂಎಫ್‌ಎಸ್‌ಕೆ32 ಅನ್ನೋ ಇನ್ನೊಂದು ಮೋಡ್‌ಗೆ ಒಂದು ನಿಮಿಷವೂ ಬೇಡ. ಹದಿನೈದು ಜನರ ನೆಟ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ, ಕಾಯ್ತಾ ಕೂತವ್ರು ಎದ್ದು ಹೋಗ್ತಾರೆ.

ನನ್ನ ವಾದ ಇಷ್ಟೇ, ನೆಟ್ ಕಂಟ್ರೋಲ್‌ಗೆ ಯಾವ ಮೋಡ್ ಇಷ್ಟ ಅಂತಲ್ಲ, ಅವತ್ತು ಎಲ್ಲಕ್ಕಿಂತ ವೀಕ್ ಇರೋ ಸ್ಟೇಷನ್‌ಗೆ ಯಾವುದು ಸರಿಯಾಗಿ ಓದೋಕಾಗುತ್ತೆ ಅನ್ನೋದ್ರ ಮೇಲೆ ಮೋಡ್ ನಿರ್ಧಾರ ಆಗ್ಬೇಕು. ದೊಡ್ಡ ಆಂಟೆನಾ ಇರೋರು ಎಲ್ಲದರಲ್ಲೂ ಕೇಳಿಸ್ತಾರೆ, ಅವ್ರ ಅಳತೆಗೆ ನೆಟ್ ಹೊಲಿದ್ರೆ ಒಂದು ತಂತಿ ಕಟ್ಟಿಕೊಂಡು ಬಂದವ್ರು ಹೊರಗೇ ಉಳೀತಾರೆ. ಹತ್ತಿರದವ್ರೇ ಸೇರೋ ವಿಎಚ್‌ಎಫ್ ಎಫ್ಎಂ ನೆಟ್ ಆದ್ರೆ ಈ ತಲೆಬಿಸಿ ಇಲ್ಲ, ಎಂಟಿ63-2000 ಅನ್ನೋ ಮೋಡ್ ಹಾಕಿ, ನಿಮಿಷಕ್ಕೆ 200 ಪದ ಹೋಗುತ್ತೆ, ಕೇಬಲ್ ಇಲ್ದೆ ರೇಡಿಯೊ ಸ್ಪೀಕರ್ ಮುಂದೆ ಲ್ಯಾಪ್‌ಟಾಪ್ ಮೈಕ್ ಹಿಡಿದ್ರೂ ಡಿಕೋಡ್ ಆಗುತ್ತೆ.

ಇನ್ನೊಂದು ಮಾತು, ಒಲಿವಿಯಾ, ಎಂಎಫ್‌ಎಸ್‌ಕೆ ಕಳಿಸೋವಾಗ ರಿಗ್ (ರೇಡಿಯೊ ಸೆಟ್) ಪೂರ್ತಿ ಹೊತ್ತು ಫುಲ್ ಪವರ್‌ನಲ್ಲೇ ಇರುತ್ತೆ, ಮಾತಾಡೋ ಹಾಗೆ ನಡುನಡುವೆ ಬಿಡುವಿಲ್ಲ, 100 ವಾಟ್ ರಿಗ್ ಆದ್ರೆ 30ಕ್ಕೆ ಇಳಿಸಿ. ಪಿಎಸ್‌ಕೆಯಲ್ಲಿ ಆಡಿಯೊ ಜಾಸ್ತಿ ಕೊಟ್ಟು ಎಎಲ್‌ಸಿ (ಆಡಿಯೊ ಮಿತಿ ಮೀರಿದ್ದನ್ನ ತೋರಿಸೋ ಮೀಟರ್) ಸೂಜಿ ಏಳಿಸ್ಬೇಡಿ, ಅಕ್ಕಪಕ್ಕದವ್ರ ಮೇಲೆಲ್ಲ ಹರಡುತ್ತೆ.

ಈಗ ನಮ್ಮ ನೆಟ್‌ನಲ್ಲಿ ಚೆಕ್ ಇನ್ ಒಲಿವಿಯಾ 8/500ರಲ್ಲಿ (8 ಟೋನು, 500 ಹರ್ಟ್ಸ್), ಎಲ್ಲರೂ ಚೆನ್ನಾಗಿ ಕೇಳಿಸಿದ್ರೆ ಮೆಸೇಜ್ ಮಾತ್ರ ಎಂಎಫ್‌ಎಸ್‌ಕೆ32ಗೆ, ಕೇಳಿಸ್ದೆ ಇದ್ರೆ ಒಲಿವಿಯಾದಲ್ಲೇ. ಈ ಮೋಡ್‌ಗಳನ್ನ ನಡೆಸೋ ಎಫ್‌ಎಲ್‌ಡಿಜಿ ಸಾಫ್ಟ್‌ವೇರ್‌ನಲ್ಲಿ ಆರ್‌ಎಸ್‌ಐಡಿ (ಯಾವ ಮೋಡ್ ಅಂತ ಮೊದಲೇ ಹೇಳೋ ಗುರುತಿನ ಸಿಗ್ನಲ್) ಆನ್ ಇಟ್ರೆ ಮೋಡ್ ಬದಲಾದಾಗ ಉಳಿದವ್ರ ಕಂಪ್ಯೂಟರ್ ತಾನೇ ಬದಲಾಗುತ್ತೆ. ಅಂಕಿ ಇರೋ ಪಟ್ಟಿಗಳನ್ನ ಚೆಕ್‌ಸಮ್ (ಮೆಸೇಜ್ ಹಾಳಾಗಿದ್ಯಾ ಅಂತ ತಾಳೆ ನೋಡೋ ಸಂಖ್ಯೆ) ಹಾಕೋ ಎಫ್‌ಎಲ್‌ಎಂಎಸ್‌ಜಿ ಅನ್ನೋ ಸಾಫ್ಟ್‌ವೇರ್‌ನಲ್ಲೇ ಕಳಿಸ್ತೀವಿ, ಚೆಕ್‌ಸಮ್ ಕೂಡಿಬರ್ಲಿಲ್ಲ ಅಂದ್ರೆ ಮತ್ತೆ ಕೇಳ್ತೀವಿ, ಎಷ್ಟು ಸಲ ಆದ್ರೂ.

ಇಂತಿ,
ಒಬ್ಬ ಹ್ಯಾಮ್ ಓದುಗ