ಮೂರು ಸಲ ಡಬ್ಬಿ ಕೊಟ್ಟ ತಮ್ಮನಿಗೆ

ಹೋದ ವಾರ ಒಂದು ಗೋಡೆ ಕಟ್ಟಿದೆ. ಮಾನ್ವಿ ಕಡೆ ಒಂದು ಊರಲ್ಲಿ, ದನದ ಕೊಟ್ಟಿಗೆಯ ಗೋಡೆ. ಗೌಂಡಿ ಕೆಲಸ ಮಾಡುವವನಿಗೆ ಇದೇನು ದೊಡ್ಡದು ಅಂತೀರಿ, ಅಲ್ವಾ? ವರ್ಷದ ಹಿಂದೆ ನನ್ನ ತೂಕ 38 ಕಿಲೋ ಇತ್ತು. ಕರಣೆ ಹಿಡಿದರೆ ಕೈ ನಡುಗುತ್ತಿತ್ತು. ಈಗ 55 ಇದ್ದೇನೆ. ಅದಕ್ಕೇ ಈ ಬರಹ.

ನನಗೆ ಎಚ್‌ಐವಿ ಇದೆ. ಹೆಸರು ಹಾಕುವುದಿಲ್ಲ, ನಂದೂ ಇಲ್ಲ, ಬೇರೆಯವರದೂ ಇಲ್ಲ. ಯಾರಿಗೆ ಹೇಳುತ್ತಿದ್ದೇನೋ ಅವರಿಗೆ ಗೊತ್ತಾಗುತ್ತದೆ.

ಮೊದಲ ತಪ್ಪು ನನ್ನದೇ. 2017ರಿಂದ ರಾಯಚೂರಿನ ಎಆರ್‌ಟಿ ಸೆಂಟರ್‌ನಲ್ಲಿ, ಅಂದರೆ ಎಚ್‌ಐವಿಗೆ ಔಷಧಿ ಕೊಡುವ ಕಡೆ, ಗುಳಿಗೆ ತಗೊಳ್ಳುತ್ತಿದ್ದೆ. 2023ರಲ್ಲಿ ಮಳೆ ಕೈಕೊಟ್ಟಿತು, ಬೆಂಗಳೂರಿಗೆ ಗುಳೆ ಹೋದೆವು. ತಂದಿದ್ದ ಗುಳಿಗೆ ಮುಗಿದವು. ಅಲ್ಲಿನ ಸೆಂಟರ್‌ಗೆ ಹೋದರೆ ಜೊತೆಯವರಿಗೆ ಗೊತ್ತಾಗುತ್ತದೆ ಅಂತ ಸುಮ್ನೆ ಇದ್ದುಬಿಟ್ಟೆ. ಏಳು ತಿಂಗಳು. ಹೊಸ ಗೋಡೆಗೆ ಹೊಡೆಯೋಕೆ (ಕ್ಯೂರಿಂಗ್‌ಗೆ) ತರಿಸಿದ ಟ್ಯಾಂಕರ್ ನೀರನ್ನೇ ಕುಡಿಯುತ್ತಿದ್ದೆವು.

ಆಮೇಲೆ ಭೇದಿ ಶುರುವಾಯಿತು. ದಿನಕ್ಕೆ ಹತ್ತು ಹನ್ನೆರಡು ಸಲ, ಬರೀ ನೀರು. ಊರಿಗೆ ಬಂದು ಒಂದು ಖಾಸಗಿ ದವಾಖಾನೆಗೆ ತೋರಿಸಿದೆ. ಸಲೈನ್ ಹಾಕಿದರು, ಭೇದಿ ಕಟ್ಟುವ ಗುಳಿಗೆ ಕೊಟ್ಟರು, ಜಂತುಹುಳದ ಗುಳಿಗೆಯನ್ನೂ ಎರಡು ಸಲ ಕೊಟ್ಟರು. ಮೂರು ವಾರ ಆದರೂ ಮಲ ಪರೀಕ್ಷೆ ಮಾಡಿಸಿ ಅಂತ ಯಾರೂ ಹೇಳಲಿಲ್ಲ. ನಾನೂ ಎಚ್‌ಐವಿ ಅಂತ ಬಾಯಿ ಬಿಡಲಿಲ್ಲ ಬಿಡಿ.

ಸೆಂಟರ್‌ನ ಆಪ್ತಸಮಾಲೋಚಕಿ ಅಕ್ಕ ಅಷ್ಟು ದಿನವೂ ಫೋನ್ ಮಾಡುತ್ತಿದ್ದರು. ನಾನು ಎತ್ತುತ್ತಿರಲಿಲ್ಲ. ಒಂದು ದಿನ ನನ್ನ ಹೆಂಡತಿ ಎತ್ತಿದಳು. "ಯಾರೂ ಬೈಯಂಗಿಲ್ರೀ, ಮೊದ್ಲು ಕರ್ಕೊಂಡು ಬರ್ರಿ" ಅಂದರಂತೆ. ಹೋದೆವು. ನಿಜವಾಗಲೂ ಯಾರೂ ಬೈಯಲಿಲ್ಲ. ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣದ ಲೆಕ್ಕ, 61ಕ್ಕೆ ಇಳಿದಿತ್ತು.

ಈಗ ಆ ಲ್ಯಾಬಿನ ತಮ್ಮನ ಮಾತು. ಮೊದಲ ದಿನ ಮಲದಲ್ಲಿ ಏನೂ ಸಿಗಲಿಲ್ಲ. "ನಾಳೆ ಮತ್ತ ತರ್ರಿ ಅಣ್ಣಾರ, ಇವು ದಿನಾ ಬೀಳಂಗಿಲ್ಲ" ಅಂತ ಇನ್ನೊಂದು ಡಬ್ಬಿ ಕೊಟ್ಟ. ಎರಡನೇ ದಿನವೂ ಇಲ್ಲ. ಮೂರನೇ ಡಬ್ಬಿ ಕೊಡುವಾಗ ನನಗೇ ನಾಚಿಕೆ. ಅದನ್ನು ಕಾಗದದಲ್ಲಿ ಸುತ್ತಿ, ಚೀಲದಲ್ಲಿಟ್ಟು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದೆ. ಆತ ಮುಖ ಸಿಂಡರಿಸದೆ ಇಸ್ಕೊಂಡ, ಊಟದ ಡಬ್ಬಿ ಇಸ್ಕೊಂಡಂಗೆ.

ಸಾದಾ ಪರೀಕ್ಷೆಯಲ್ಲಿ ಇವು ತಪ್ಪಿಸಿಕೊಳ್ಳುತ್ತವಂತೆ, ಬೇರೆ ಬಣ್ಣ ಹಾಕಿ ನೋಡಬೇಕಂತೆ. ಸಂಜೆ ಕರೆದು ಮೈಕ್ರೋಸ್ಕೋಪಿನಲ್ಲಿ ನನಗೇ ತೋರಿಸಿದ. ಹಸಿರು ಗದ್ದೆಯ ಮೇಲೆ ಗುಲಾಬಿ ಬಣ್ಣದ ಭತ್ತದ ಕಾಳು ಬಿದ್ದಂಗೆ ಇತ್ತು. ಒಂದೇ ಒಂದು. ಅದನ್ನು ನೋಡಿ ಸಿಟ್ಟು ಬರಬೇಕಿತ್ತು, ನನಗೆ ಸಮಾಧಾನವಾಯಿತು. ಕಳ್ಳ ಸಿಕ್ಕಿದ್ದ.

ಹೆಸರು ಐಸೋಸ್ಪೋರಾ. ಕಣ್ಣಿಗೆ ಕಾಣದ ಪರಾವಲಂಬಿ ಜೀವಿ, ಜಂತುಹುಳದ ಗುಳಿಗೆಗೆ ಬಗ್ಗುವುದಿಲ್ಲ. ಗಟ್ಟಿ ಇರುವವರಿಗೆ ಬಂದರೆ ಸಾಮಾನ್ಯವಾಗಿ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಕಾಡಿ ಹೋಗುತ್ತದೆ. ಸಿಡಿ4 200ಕ್ಕಿಂತ ಕೆಳಗಿದ್ದರೆ ಸುಲಭಕ್ಕೆ ಬಿಡುವುದಿಲ್ಲ. ತಮಾಷೆ ನೋಡಿ, ಇದಕ್ಕೆ ಔಷಧಿ ಕೋಟ್ರಿಮೋಕ್ಸಜೋಲ್. ಸೆಂಟರ್‌ನಲ್ಲಿ ಹಿಂದೆ ಪುಕ್ಕಟೆ ಕೊಡುತ್ತಿದ್ದ ಅದೇ ಬಿಳಿ ಗುಳಿಗೆ, ಶಕ್ತಿ ಗುಳಿಗೆ ಇರಬೇಕು ಅಂತ ನಾನು ಬಿಟ್ಟಿದ್ದೆ! ಹತ್ತು ದಿನ ಜಾಸ್ತಿ ಡೋಸ್, ಆಮೇಲೆ ದಿನಕ್ಕೊಂದು. ಎಆರ್‌ಟಿ ಮತ್ತೆ ಶುರು. ನಾಲ್ಕನೇ ದಿನ ರಾತ್ರಿ ಪೂರ್ತಿ ಮಲಗಿದೆ. ದವಾಖಾನೆಯಲ್ಲಿ ನನ್ನ ಪಕ್ಕದ ಹಾಸಿಗೆಯವರಿಗೆ ಕ್ರಿಪ್ಟೋಸ್ಪೊರಿಡಿಯಂ ಇತ್ತು, ಅದೂ ಇಂಥದೇ ಭೇದಿ ತರುವ ಜೀವಿ. ಅದಕ್ಕೆ ಇಷ್ಟು ಸಲೀಸಾದ ಮದ್ದಿಲ್ಲ, ಎಚ್‌ಐವಿ ಗುಳಿಗೆಯಿಂದ ಮೈಯೇ ಗಟ್ಟಿಯಾಗಬೇಕು ಅಂತ ಡಾಕ್ಟರ್ ಹೇಳಿದರು. ಕ್ಲೋರಿನ್ ನೀರಲ್ಲೂ ಅದು ಸಾಯುವುದಿಲ್ಲ, ಕುದಿಸಿದರೆ ಸಾಯುತ್ತದೆ.

ಅವ್ವ ನನ್ನ ತಾಟು ಬೇರೆ ಇಟ್ಟಿದ್ದಳು. ನನಗಿದ್ದ ಐಸೋಸ್ಪೋರಾದ ತತ್ತಿ ಹೊರಗೆ ಬಿದ್ದು ಒಂದೆರಡು ದಿನ ಬಲಿತ ಮೇಲೇ ಇನ್ನೊಬ್ಬರಿಗೆ ಹತ್ತುವುದು, ಜೊತೆಗೆ ಉಂಡರೆ ಏನೂ ಆಗಲ್ಲ ಅಂತ ಅಕ್ಕ ಅವಳಿಗೆ ಕೂರಿಸಿಕೊಂಡು ಹೇಳಿದರು. ಮರುದಿನ ಒಂದೇ ತಾಟಿನಲ್ಲಿ ರೊಟ್ಟಿ ಮುರಿದಳು.

ನನ್ನ ಹೆಂಡತಿಗೆ ಥ್ಯಾಂಕ್ಸ್ ಹೇಳಿದರೆ ನಗುತ್ತಾಳೆ. ದಿನಾ ಹತ್ತಿ ಕಟಿಗೆ ಉರಿ ಹಾಕಿ ಕೊತಕೊತ ನೀರು ಕುದಿಸುತ್ತಾಳೆ. ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪು ಮಾತ್ರ ಬಂದ್. ಅದೊಂದು ನನಗೆ ಇನ್ನೂ ಬೇಜಾರು.

ಈ ಬೇಸಿಗೆಗೆ ಮತ್ತೆ ಬೆಂಗಳೂರಿಗೆ ಹೊರಟಿದ್ದೇವೆ. ಅಕ್ಕ ಅಲ್ಲಿನ ಸೆಂಟರ್‌ಗೆ ಚೀಟಿ ಬರೆದುಕೊಟ್ಟಿದ್ದಾರೆ. ಮೊದಲೇ ಕೇಳಿದ್ದರೆ ಆಗಲೂ ಕೊಡುತ್ತಿದ್ದರಂತೆ. ಲ್ಯಾಬಿನ ತಮ್ಮನಿಗೆ ಹೇಳಿ ಹೋಗೋಣ ಅಂತ ಹೋದರೆ ಆತ ರಜೆ ಮೇಲಿದ್ದ. ಗಂಟು ಕಟ್ಟಿಟ್ಟಿದ್ದೇವೆ: ಕರಣೆ, ತೂಕಗುಂಡು, ಗುಳಿಗೆ ಡಬ್ಬಿ, ನೀರು ಕುದಿಸೋಕೆ ಒಂದು ದೊಡ್ಡ ಪಾತ್ರೆ.