ಕಾಣದ ನೋವನ್ನು ನಂಬಿದವರಿಗೆ

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಪಡೆದ ಚಿಕಿತ್ಸೆ ಮುಗಿದು ಐದು ವರ್ಷ ತುಂಬಿದ್ದರಿಂದ, ಇನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಬಂದರೆ ಸಾಕೆಂದು ಹುಬ್ಬಳ್ಳಿಯ ವೈದ್ಯರು ಈಚೆಗೆ ಹೇಳಿದರು. ಸುದ್ದಿ ತಿಳಿದು ಶಿರಸಿ ಸೀಮೆಯ ನಮ್ಮ ಊರಿನವರೂ ಕುಮಟಾ, ಹೊನ್ನಾವರದ ಕಡೆಯ ತವರಿನವರೂ ಕರೆ ಮಾಡಿ ಹರಸಿದಿರಿ. ಜೀವ ಉಳಿಸಿದ ವೈದ್ಯರಿಗೆ, ದಾದಿಯರಿಗೆ ಹೇಳಬೇಕಾದುದನ್ನು ಹಿಂದೆಯೇ ಹೇಳಿದ್ದೇನೆ. ಈ ಬರಹ, ಕಾಯಿಲೆ ಹೋದ ಮೇಲೂ ಹೋಗದೆ ಉಳಿದ ಕಷ್ಟದಲ್ಲಿ ಜೊತೆಗಿದ್ದವರಿಗಾಗಿ.

ನನಗೆ ಕೊಟ್ಟ ಕಿಮೊಥೆರಪಿ ಔಷಧಗಳಲ್ಲಿ ಆಕ್ಸಾಲಿಪ್ಲಾಟಿನ್ ಎಂಬುದೂ ಒಂದು. ಅದು ಕ್ಯಾನ್ಸರ್ ಕಣಗಳ ಜೊತೆಗೆ ಸ್ಪರ್ಶವನ್ನು ಅರಿಯುವ ನರಗಳನ್ನೂ ಘಾಸಿಗೊಳಿಸುತ್ತದೆ; ಉದ್ದನೆಯ ನರಗಳೇ ಮೊದಲು ಸೋಲುವುದರಿಂದ ಕಾಲ್ಬೆರಳು, ಕೈಬೆರಳುಗಳ ತುದಿಯಲ್ಲಿ ತೊಂದರೆ ತೋರುತ್ತದೆ. ಚಿಕಿತ್ಸೆಯ ದಿನಗಳಲ್ಲಿ ತಣ್ಣೀರಿನ ಕೊಡ ಮುಟ್ಟಿದರೆ ಕರೆಂಟು ಹೊಡೆದಂತಾಗುತ್ತಿತ್ತು. ಔಷಧ ನಿಂತ ಮೇಲೂ ಕೆಲವು ತಿಂಗಳು ಜೋಮು ಹೆಚ್ಚುತ್ತಲೇ ಹೋಯಿತು. ಹೀಗಾಗುವುದುಂಟೆಂದು ವೈದ್ಯರು ನನಗೆ ತಿಳಿಸಿದ್ದರು, ಊರಿಗೆ ತಿಳಿಸುವವರು ಯಾರು? ಕಾಯಿಲೆ ಮರುಕಳಿಸಿತೆಂದು ಕೆಲವರು ಹೆದರಿದರು. ಸಕ್ಕರೆ ಕಾಯಿಲೆಯೆಂದವರು, ವಾಯುವೆಂದವರು ಹಲವರು. ಬಿಸಿನೀರಿನಲ್ಲಿ ಕಾಲು ಅದ್ದಿಡು ಎಂಬ ಸಲಹೆಯಂತೂ ಎಲ್ಲರಿಂದಲೂ ಬಂತು. ಬಿಸಿ ಎಷ್ಟೆಂದು ತಿಳಿಯದ ಕಾಲಿಗೆ ಅದು ಅಪಾಯದ ಉಪಚಾರ. ಪ್ರೀತಿಯಿಂದಲೇ ಹೇಳಿದಿರೆಂದು ಬಲ್ಲೆ, ಆದರೂ ಇನ್ನೊಬ್ಬರಿಗೆ ದಯವಿಟ್ಟು ಹೇಳಬೇಡಿ.

ನೋವಿಗಿಂತ ಹೆಚ್ಚು ದಣಿಸಿದ್ದು, 'ಜೀವ ಉಳಿಯಿತಲ್ಲ, ಇನ್ನೇನು ಬೇಕು' ಎಂಬ ಮಾತು. ಮೈ ತುಂಬಿಕೊಂಡು ಮುಖದಲ್ಲಿ ಕಳೆ ಬಂದಿದ್ದವಳು, ರವಿಕೆಯ ಹುಕ್ಕು ಹಾಕಲಾಗುವುದಿಲ್ಲ, ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯುವುದಿಲ್ಲ ಎಂದರೆ ನಂಬುವುದು ಯಾರಿಗಾದರೂ ಕಷ್ಟವೇ. ಬಡಿಸುವಾಗ ಸೌಟು ಕೈಬಿಟ್ಟೀತೆಂಬ ಅಳುಕಿನಿಂದ ಮದುವೆ, ಉಪನಯನಗಳಿಗೆ ಹೋಗುವುದನ್ನೇ ನಾನು ನಿಲ್ಲಿಸಿದ್ದೆ. ಬದುಕಿ ಉಳಿದವಳು ದೂರಬಾರದು ಎಂಬ ಭಾವನೆ ಒಳಗೇ ಕೂತು ಬಾಯಿ ಕಟ್ಟಿತ್ತು.

ಅದನ್ನು ಬಿಡಿಸಿದ್ದು ಪಕ್ಕದ ಮನೆಯ ಅಡಿಕೆ ಚಪ್ಪರ. ನಮ್ಮಲ್ಲಿ ಕೊಯ್ಲಿನ ಕಾಲಕ್ಕೆ ಇವತ್ತು ಅವರ ಮನೆಯಲ್ಲಿ, ನಾಳೆ ಇವರ ಮನೆಯಲ್ಲಿ ಕೂತು ರಾತ್ರಿಯವರೆಗೂ ಅಡಿಕೆ ಸುಲಿಯುವುದು ರೂಢಿ. ಕೆಲಸಕ್ಕಿಂತ ಮಾತೇ ಹೆಚ್ಚು ಎನ್ನುವವರಿದ್ದಾರೆ, ಅದೂ ಸುಳ್ಳಲ್ಲ. ಊರಿನ ಸುಖದುಃಖವೆಲ್ಲ ಹಂಚಿಹೋಗುವುದು ಅಲ್ಲಿಯೇ. ಹರಿತವಾದ ಮೆಟ್ಟುಗತ್ತಿಯ ಮುಂದೆ ಸ್ಪರ್ಶವಿಲ್ಲದ ಬೆರಳಿಟ್ಟುಕೊಂಡು ಕೂರುವಂತಿಲ್ಲವಾದ್ದರಿಂದ ಎರಡು ಹಂಗಾಮು ನಾನು ಆ ಕಡೆ ಸುಳಿಯಲಿಲ್ಲ. ಮೂರನೆಯ ವರ್ಷ ಪಕ್ಕದ ಮನೆಯ ಅತ್ತಿಗೆ ತಾವೇ ಬಂದು, 'ಸುಲಿಯದು ಬ್ಯಾಡ, ಆರಿಸದು ನಿನ್ನ ಕೆಲ್ಸ' ಎಂದು ಕರೆದೊಯ್ದರು. ಒಣಗಿಸಿ ಸುಲಿದ ರಾಶಿಯಿಂದ ಚಾಲಿ, ಬಿಳೆಗೋಟು, ಕೋಕಾ ಎಂಬ ಅಡಿಕೆಯ ದರ್ಜೆಗಳನ್ನು ಬೇರ್ಪಡಿಸಲು ಬೇಕಾದದ್ದು ಬೆರಳಿನ ಸೂಕ್ಷ್ಮಕ್ಕಿಂತ ಕಣ್ಣಿನ ಅನುಭವ. ಅದು ನನ್ನಲ್ಲಿ ಬೇಕಾದಷ್ಟಿತ್ತು. ಸುಮ್ಮನೆ ಕೂತಿರು ಎಂದಿದ್ದರೆ ಮರುದಿನ ಹೋಗುತ್ತಿರಲಿಲ್ಲ. ಅಂದು ಅಲ್ಲಿದ್ದ ಯಾರೂ ನನ್ನ ಕೈಯನ್ನು ದಿಟ್ಟಿಸಲಿಲ್ಲ ಎಂಬುದನ್ನೂ ಗಮನಿಸಿದ್ದೇನೆ. ಅತ್ತಿಗೆಗೂ ಆ ಚಪ್ಪರದಲ್ಲಿದ್ದ ಎಲ್ಲರಿಗೂ ನಾನು ಋಣಿ.

ಕಿಮೊಥೆರಪಿಯ ಪ್ರತಿ ಸುತ್ತಿನಲ್ಲೂ, ಹುಕ್ಕು ಹಾಕಲು ಬರುತ್ತದೆಯೇ, ಸೂಜಿಗೆ ದಾರ ಪೋಣಿಸಲಾಗುತ್ತದೆಯೇ ಎಂದು ಕೇಳಿ ಬರೆದುಕೊಂಡು, ಕೊನೆಯ ಸುತ್ತುಗಳಲ್ಲಿ ಆಕ್ಸಾಲಿಪ್ಲಾಟಿನ್ ಕೈಬಿಟ್ಟು ಉಳಿದ ಔಷಧವನ್ನಷ್ಟೇ ಮುಂದುವರಿಸಿದ ವೈದ್ಯರಿಗೆ ವಂದನೆಗಳು. ಉರಿನೋವಿಗೆ ಡುಲಾಕ್ಸೆಟಿನ್ ಬರೆದುಕೊಟ್ಟಾಗ, ಅದು ಖಿನ್ನತೆಗೆ ಕೊಡುವ ಮಾತ್ರೆಯೆಂದು ತಿಳಿದು ಬಂಧುಗಳಲ್ಲಿ ಪಿಸುಮಾತು ಹುಟ್ಟಿತು. ನರದ ನೋವಿಗೂ ಅದೇ ಮಾತ್ರೆ ಕೆಲಸಮಾಡುತ್ತದೆ, ಜೋಮನ್ನು ಮಾತ್ರ ಅದು ತೆಗೆಯುವುದಿಲ್ಲ ಎಂದು ಎಲ್ಲರೆದುರು ಬಿಡಿಸಿ ಹೇಳಿದವರು ನಮ್ಮ ಭಾವ. ಮನಸ್ಸು ಕುಗ್ಗಿದ್ದೂ ನಿಜ, ಆದರೆ ಅದನ್ನು ಮುಚ್ಚಿಡಬೇಕಾದ ಕಾರಣ ನನಗೆ ಇಂದಿಗೂ ಕಾಣುವುದಿಲ್ಲ. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದನ್ನು ತಾಳ್ಮೆಯಿಂದ ಕಲಿಸಿದ ಫಿಸಿಯೋಥೆರಪಿಸ್ಟ್ ಹುಡುಗಿಯಿಂದಾಗಿ ಮಳೆಗಾಲದ ಜಾರು ಅಂಗಳವನ್ನು ಈಗ ಒಬ್ಬಳೇ ದಾಟುತ್ತೇನೆ.

ಬಚ್ಚಲಿನ ಹಂಡೆಯ ನೀರನ್ನು ತೋಡಿ, ಹದ ನೋಡಿ, ಆಮೇಲೆಯೇ ನನ್ನನ್ನು ಕರೆಯುವ ಅತ್ತೆಯವರು ಈ ಬರಹ ಓದಿದರೆ ಸಂಕೋಚಪಡುತ್ತಾರೆ, ಆದರೂ ಬರೆಯುತ್ತಿದ್ದೇನೆ. ಸಂಜೆ ನನ್ನ ಪಾದಗಳನ್ನು ದೀಪದ ಬೆಳಕಿಗೆ ಹಿಡಿದು ಮುಳ್ಳು, ಗಾಯ ನೋಡುವುದನ್ನು ನಮ್ಮ ಮನೆಯವರು ಒಂದು ದಿನವೂ ಬಿಟ್ಟಿಲ್ಲ. ಉಂಬಳ (ಜಿಗಣೆ) ಕಚ್ಚಿದ್ದು ನಿನಗೊಬ್ಬಳಿಗೇ ಅಲ್ಲ, ಯಾರಿಗೂ ತಿಳಿಯುವುದಿಲ್ಲ ಎಂದು ನಗಿಸುತ್ತಾರೆ. ಮಾರಿಕಾಂಬಾ ಜಾತ್ರೆಯ ಬಿಸಿಲಿನಲ್ಲಿ ಬರಿಗಾಲಲ್ಲಿ ನಿಲ್ಲಬಾರದೆಂದು ದಪ್ಪ ಕಾಲುಚೀಲ ತಂದುಕೊಟ್ಟ ತಂಗಿಗೆ, ನಾನು ಎರಡೂ ಕಾಲು ನೆಲಕ್ಕೂರುವವರೆಗೆ ಸೀಟಿ ಊದದ ನಮ್ಮ ಊರಿನ ಬಸ್ಸಿನ ಕಂಡಕ್ಟರಿಗೆ ನಮಸ್ಕಾರ.

ಪಾದದ ಜೋಮು ಪೂರ್ತಿ ಹೋಗಿಲ್ಲ, ಬಹುಶಃ ಹೋಗುವುದೂ ಇಲ್ಲ. ಇದೇ ಔಷಧ ಪಡೆಯುತ್ತಿರುವವರು ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಇದ್ದರೆ ಅವರಿಗೆ ನನ್ನ ನಂಬರು ಕೊಡಿ. ಮಧ್ಯಾಹ್ನದ ಊಟದ ನಂತರ ನಾನು ಬಿಡುವಾಗಿರುತ್ತೇನೆ.